ಕೋಟೋರ್ ಕೊಲ್ಲಿಯಲ್ಲಿ ಅರೆಹಗಲು

ವೇಗವಾಗಿ ಸಂಚರಿಸುವವನು ದೇಶವನ್ನು ಕಾಣಲಾರನೆಂಬುದು ಪ್ರವಾಸವನ್ನು ಕುರಿತು ಬರೆದ ಹಿರಿಯರು ಬಹುಮಟ್ಟಿಗೆ ಒಕ್ಕೊರಲಿನಿಂದ ಹೇಳಿಕೊಂಡು ಬಂದಿರುವ ಮಾತು. ಕಾಲ್ನಡಿಗೆಯವನಿಗೆ ದೊರೆಯುವ ದರ್ಶನವು ಗಾಡಿಯವನಿಗೆ ದೊರೆಯದು, ಗಾಡಿಯವನಿಗೆ ದೊರೆಯುವುದರಲ್ಲಿ ಒಂದಂಶವೂ ವಿಮಾನವೇರಿದವನಿಗೆ ದಕ್ಕದು ಎಂಬ ಈ ನಿರ್ಣಯವು ಸಾಮಾನ್ಯವಾಗಿ ಸತ್ಯವೇ ಆಗಿದ್ದರೂ, ಅದಕ್ಕೆ ಒಂದು ಅಪವಾದವುಂಟೆಂಬುದು ಏಡ್ರಿಯಾಟಿಕ್ ಸಮುದ್ರದ ಪೂರ್ವತೀರದಲ್ಲಿ, ಮೊಂಟೆನೀಗ್ರೋ ಎಂಬ ಪುಟ್ಟ ದೇಶದ ಕೋಟೋರ್ ಕೊಲ್ಲಿಯಲ್ಲಿ, ಸ್ಪೀಡ್‌ಬೋಟಿನ ಮೇಲೆ ಒಂದು ಅರೆಹಗಲನ್ನು ಕಳೆದ ನನಗೆ ಮನವರಿಕೆಯಾಯಿತು. ಆ ಕೊಲ್ಲಿಯು ಕರ್ತೃಪದವು ಮೊದಲಲ್ಲಿಯೂ ಕ್ರಿಯಾಪದವು ಬಹುದೂರದ ಕೊನೆಯಲ್ಲಿಯೂ ನಿಂತಿರುವ ದೀರ್ಘವಾಕ್ಯದಂಥದು. ನಡುನಡುವೆ ಪುಸ್ತಕವನ್ನು ಮಡಿಸಿಟ್ಟು ಎದ್ದುಹೋದವನಿಗೆ ಅದರ ಅನ್ವಯವು ಸಿಕ್ಕುವುದಿಲ್ಲ. ಒಂದೊಂದು ಊರಿನಲ್ಲಿ ಒಂದೊಂದು ದಿನ ತಂಗಿ, ಒಂದೊಂದು ಕೋಟೆಯನ್ನು ಬೇರೆಬೇರೆಯಾಗಿ ಕಂಡವನು ಅಲ್ಲಿಯ ಕಲ್ಲುಗೆಲಸವನ್ನು ಮೆಚ್ಚಿಯಾನು. ಆ ಕೋಟೆಗಳೆಲ್ಲವೂ ಒಂದೇ ಭಯದ ನಾನಾ ರೂಪಗಳೆಂಬುದನ್ನು ಕಾಣಬೇಕಾದರೆ ಅವು ಒಂದರ ಬೆನ್ನಿಗೆ ಒಂದಾಗಿ ಕಣ್ಣೆದುರಿಗೆ ಹಾದುಹೋಗಬೇಕು.

ಕೊಲ್ಲಿಯ ರಚನೆಯೇ ವಿಲಕ್ಷಣವಾದುದು. ಸಮುದ್ರವು ಸುಮಾರು ೨೮ ಕಿಲೋಮೀಟರಿನಷ್ಟು ದೂರ ಪರ್ವತಗಳ ನಡುವೆ ಒಳನುಗ್ಗಿ, ಹೆರ್ತ್ಸೆಗ್ ನೋವಿ, ತಿವಾತ್, ರಿಸಾನ್, ಕೋಟೋರ್ ಎಂಬ ನಾಲ್ಕು ಊರುಗಳ ಮುಂದೆ ನಾಲ್ಕು ಸರೋವರಗಳಾಗಿ ಹರಡಿಕೊಂಡಿದೆ. ಪ್ರವಾಸದ ಜಾಹೀರಾತುಗಳಲ್ಲಿ ಇದನ್ನು ದಕ್ಷಿಣ ಯೂರೋಪಿನ ಫ್ಯೋರ್ಡ್ ಎಂದು ಕೊಂಡಾಡುವುದುಂಟಾದರೂ ಭೂವಿಜ್ಞಾನಿಗಳು ಅದನ್ನು ಒಪ್ಪುವುದಿಲ್ಲ: ನಾರ್ವೆಯ ಫ್ಯೋರ್ಡುಗಳನ್ನು ತೋಡಿದುವು ಹಿಮನದಿಗಳು, ಇಲ್ಲಿಯದು ನದಿಯು ಸುಣ್ಣಕಲ್ಲಿನಲ್ಲಿ ಕೊರೆದಿದ್ದ ಕಂದರ, ಹಿಮಯುಗವು ತೀರಿ ಸಮುದ್ರದ ಮಟ್ಟವು ಏರಿದಾಗ ಮುಳುಗಿಹೋದುದು. ಕೋಟೋರ್ ನಗರವು ಇದರ ಅತ್ಯಂತ ಒಳಗಿನ ಮೂಲೆಯಲ್ಲಿ, ೧,೭೪೯ ಮೀಟರ್ ಎತ್ತರದ ಲೋವ್ಚೆನ್ ಪರ್ವತಕ್ಕೆ ಬೆನ್ನು ಕೊಟ್ಟು ಕುಳಿತಿರುವುದರಿಂದ, ಬೇಸಗೆಯಲ್ಲಿಯೂ ಸೂರ್ಯನು ಅಲ್ಲಿಯ ಬಂದರುಕಟ್ಟೆಯನ್ನು ತಲಪುವುದು ತಡವಾಗಿ. ನಾವು ದೋಣಿಯೇರಿದಾಗ ಎದುರುದಂಡೆಯ ಮನೆಗಳು ಬಿಸಿಲಿನಲ್ಲಿ ಬೆಳಗುತ್ತಿದ್ದರೂ ನಮ್ಮ ಕೆಳಗಿನ ನೀರು ಇನ್ನೂ ಕಪ್ಪಾಗಿಯೇ ಇದ್ದಿತು. ತಲೆಯೆತ್ತಿದರೆ, ನಾಲ್ಕೂವರೆ ಕಿಲೋಮೀಟರ್ ಉದ್ದದ ಪ್ರಾಕಾರವು ಊರನ್ನು ಸುತ್ತಿದ್ದು ಸಾಲದೆಂಬಂತೆ ಹಿಂದಿನ ಕಡಿದಾದ ಬೆಟ್ಟವನ್ನೂ ಹತ್ತಿ, ೨೬೦ ಮೀಟರ್ ಎತ್ತರದ ದುರ್ಗದವರೆಗೆ ಹೋಗಿ ನಿಂತಿದ್ದಿತು. ೧೪೨೦ರಿಂದ ೧೭೯೭ರವರೆಗೆ ಈ ನಗರವನ್ನು ಆಳಿದ ವೆನಿಸ್ ಗಣರಾಜ್ಯವು ತುರ್ಕರಿಗೆ ಅಂಜಿ ಗೋಡೆಗೆ ಗೋಡೆ ಸೇರಿಸುತ್ತ ಬಂದಿತು. ಸಮುದ್ರದ ಕಡೆಯಿಂದಲೂ ಬೆಟ್ಟದ ಕಡೆಯಿಂದಲೂ ಬರಬಹುದಾದ ಶತ್ರುವನ್ನು ಎಣಿಸಿ ಕಟ್ಟಿದ ಆ ಊರನ್ನು ೧೯೭೯ರ ಏಪ್ರಿಲ್ ೧೫ರಂದು ನೆಲದ ಕೆಳಗಿನಿಂದ ಬಂದ ಭೂಕಂಪವು ಅಲುಗಿಸಿಬಿಟ್ಟಿತು. ಅದೇ ವರ್ಷ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಬಂದರಿನ ಎಲ್ಲೆಯನ್ನು ದಾಟುವವರೆಗೆ ನಮ್ಮ ದೋಣಿಯು ಎಲ್ಲ ದೋಣಿಗಳಂತೆ ಸಾಧುವಾಗಿಯೇ ಇದ್ದಿತು. ಅನಂತರ ಚಾಲಕನು, ಬಿಸಿಲಿಗೆ ಕಂದಿದ ಮುಖದ ಮಿತಭಾಷಿಯಾದ ಒಬ್ಬ ತರುಣ, ಬಲಗೈಯ ಸನ್ನೆಗೋಲನ್ನು ಮುಂದಕ್ಕೆ ನೂಕಿದೊಡನೆ ಮೂತಿಯು ಆಕಾಶಕ್ಕೆ ನೆಗೆದು, ಹಿಂಭಾಗವು ಕುಸಿದು, ಕ್ಷಣಕಾಲ ನಮಗೆ ಮುಂದಿನ ದಾರಿಯೇ ಕಾಣದಾಯಿತು. ಮರುಕ್ಷಣದಲ್ಲಿ ದೋಣಿಯು ತಾನೇ ಎಬ್ಬಿಸಿದ ಅಲೆಯ ನೆತ್ತಿಯನ್ನೇರಿ, ಮೂತಿಯನ್ನಿಳಿಸಿ, ನೀರನ್ನು ಸೀಳಿಕೊಂಡು ಹೋಗುವುದನ್ನು ಬಿಟ್ಟು ನೀರಿನ ಮೇಲೆಯೇ ಜಾರತೊಡಗಿತು. ಒಳಕೊಲ್ಲಿಯ ನೀರು ನಿಶ್ಚಲವಾಗಿದ್ದುದರಿಂದ ಈ ಜಾರುವಿಕೆಯು ಸುಖಕರವಾಗಿಯೇ ಇದ್ದಿತು. ಆದರೆ ಬೇರೊಂದು ದೋಣಿಯು ಬಿಟ್ಟುಹೋದ ಅಲೆಯು ಅಡ್ಡ ಬಂದಾಗಲೆಲ್ಲ ತಳವು ಫಟ್ಟನೆ ಬಡಿದು, ಆ ಪೆಟ್ಟಿನ ವಾರ್ತೆಯು ಬೆನ್ನುಮೂಳೆಯ ಮಣಿಮಣಿಗೂ ಮುಟ್ಟುತ್ತಿದ್ದಿತು. ಮಾತನಾಡಲು ಬಾಯಿ ತೆರೆದವರ ನಾಲಗೆಗೆ ಉಪ್ಪು ಹತ್ತಿತು. ಜೊತೆಗಿದ್ದ ಹತ್ತು ಹನ್ನೆರಡು ಮಂದಿ ನಾನಾ ದೇಶದವರು ಹೀಗೆ ಅನಾಯಾಸವಾಗಿ ಮೌನವ್ರತವನ್ನು ಸ್ವೀಕರಿಸಿದರು.

ಬಲಗಡೆಯಲ್ಲಿ ದೊಬ್ರೋತದ ಹಳೆಯ ಕಪ್ತಾನರ ಶಿಲಾಗೃಹಗಳು, ಒಂದೊಂದರ ಮುಂದೆಯೂ ಒಂದೊಂದು ಕಿರುಗಟ್ಟೆಯೊಡನೆ, ಸಾಲಾಗಿ ಹಿಂದೆ ಸರಿದುವು. ಮುಂದೆ ರಿಸಾನಿನ ನೆತ್ತಿಯ ಮೇಲೆ ಓರ್ಯೆನ್ ಪರ್ವತದ ಬೋಳುಬಂಡೆಗಳು ಕಾಣಿಸಿಕೊಂಡುವು. ಆ ಬಂಡೆಗಳ ಮರೆಯಲ್ಲಿ, ಕ್ರಿವೋಶಿಯೆ ಸೀಮೆಯಲ್ಲಿ, ತ್ಸರ್ಕ್ವಿತ್ಸೆ ಎಂಬ ಹಳ್ಳಿಯುಂಟು. ಯೂರೋಪಿನಲ್ಲಿಯೇ ಅತ್ಯಧಿಕ ಮಳೆ ಬೀಳುವ ಸ್ಥಳವೆಂದು ಅದಕ್ಕೆ ಖ್ಯಾತಿ. ವರ್ಷಕ್ಕೆ ಸರಾಸರಿ ೪,೫೦೦ ಮಿಲಿಮೀಟರಿಗೂ ಮಿಕ್ಕ ಆ ಮಳೆಯ ಲೆಕ್ಕವು ಆಗುಂಬೆಯನ್ನು ಬಲ್ಲ ಕನ್ನಡಿಗನನ್ನು ಬೆರಗುಗೊಳಿಸಲಾರದು. ಬೆರಗುಗೊಳಿಸುವುದು ಆ ನೀರಿನ ಗತಿ. ಆಗುಂಬೆಯ ಮಳೆಯು ಹಳ್ಳವಾಗಿ ಹೊಳೆಯಾಗಿ ಕಾಡನ್ನು ಪೋಷಿಸುತ್ತ ಎಲ್ಲರ ಕಣ್ಣೆದುರಿಗೆ ಕಡಲಿಗಿಳಿಯುತ್ತದೆ. ಇಲ್ಲಿಯ ಸುಣ್ಣಕಲ್ಲಿನ ಬೆಟ್ಟವೋ ಬಿದ್ದ ನೀರನ್ನು ಬಿರುಕುಗಳಲ್ಲಿ ಹೀರಿಕೊಂಡು, ತಾನು ಬೋಳಾಗಿಯೇ ಉಳಿದು, ಕಾಣದ ಸುರಂಗಗಳಲ್ಲಿ ಅದನ್ನು ಸಾಗಿಸಿ, ಕೊಲ್ಲಿಯ ಅಂಚಿನಲ್ಲಿಯೂ ಕೊಲ್ಲಿಯ ನೀರಿನ ಅಡಿಯಲ್ಲಿಯೂ ಬುಗ್ಗೆಗಳಾಗಿ ಹೊರಗೆ ಬಿಡುತ್ತದೆ. ಬಚ್ಚಿಡುವ ಗುಣವು ಈ ನಾಡಿನ ಕಲ್ಲಿನಲ್ಲಿಯೇ ಇದ್ದಿತು. ಮನುಷ್ಯರು ಅದನ್ನು ಅಭ್ಯಾಸಮಾಡಿಕೊಂಡರೆಂದು ಮುಂದೆ ಕಂಡ ದೃಶ್ಯಗಳು ನನಗೆ ತೋರಿಸಿಕೊಟ್ಟುವು.

ಪೆರಾಸ್ತ್ ಎಂಬುದು ನೀರಿನ ಅಂಚಿಗೆ ಒಂದು ಬೀದಿ, ಅದರ ಹಿಂದೆ ಕಪ್ತಾನರ ಸೌಧಗಳು, ಸೌಧಗಳ ಮೇಲೆ ೫೫ ಮೀಟರ್ ಎತ್ತರದ ಒಂದು ಘಂಟಾಗೋಪುರ, ಇಷ್ಟೇ ಆಗಿರುವ ಚಿಕ್ಕ ಊರು. ಆದರೂ ಹದಿನೇಳನೆಯ ಶತಮಾನದ ಕೊನೆಯಲ್ಲಿ ರಷ್ಯದ ಚಕ್ರವರ್ತಿ ಮಹಾ ಪೀಟರನು ನೌಕಾವಿದ್ಯೆಯನ್ನು ಕಲಿತುಬರಲೆಂದು ಕಳುಹಿಸಿದ ಶ್ರೀಮಂತಪುತ್ರರಿಗೆ ಗುರುವಾದವನು ಈ ಊರಿನ ಮಾರ್ಕೋ ಮಾರ್ಟಿನೋವಿಚ್. ವೆನಿಸಿನ ನೌಕಾಬಲದ ಧ್ವಜವನ್ನು ಯುದ್ಧದಲ್ಲಿ ಕಾಯುವ ಗೌರವವೂ ಇಲ್ಲಿಯವರದೇ ಆಗಿದ್ದಿತು. ೧೭೯೭ರ ಮೇ ತಿಂಗಳಿನಲ್ಲಿ ನೆಪೋಲಿಯನ್ನನ ಬೆದರಿಕೆಗೆ ವೆನಿಸ್ ಗಣರಾಜ್ಯವು ತನ್ನನ್ನು ತಾನೇ ವಿಸರ್ಜಿಸಿಕೊಂಡಿತಷ್ಟೆ. ರಾಜಧಾನಿಯು ಶರಣಾದ ಮೇಲೂ ಪೆರಾಸ್ತಿನವರು ಮೂರು ತಿಂಗಳು ಆ ಧ್ವಜವನ್ನು ಇಳಿಸಲಿಲ್ಲ. ಆಗಸ್ಟ್ ೨೩ರಂದು ಇನ್ನು ಗತಿಯಿಲ್ಲವೆಂದಾದಾಗ, ಅದನ್ನು ಶತ್ರುವಿಗೊಪ್ಪಿಸದೆ, ಊರಿನ ಜನರೆಲ್ಲ ಅಳುತ್ತಿರಲು, ಇಗರ್ಜಿಯ ವೇದಿಕೆಯ ಕೆಳಗೆ ಭೂಸ್ಥಾಪನೆ ಮಾಡಿದರು.

ಪೆರಾಸ್ತಿನ ಎದುರಿಗೆ ಎರಡು ಪುಟ್ಟ ದ್ವೀಪಗಳಿವೆ. ಸಂತ ಜಾರ್ಜನ ಹೆಸರಿನದು ಪ್ರಕೃತಿಯೇ ಕೊಟ್ಟ ದ್ವೀಪ. ಸೈಪ್ರೆಸ್ ಮರಗಳ ನಡುವೆ ಪ್ರಾಚೀನವಾದ ಬೆನೆಡಿಕ್ಟೀನ್ ಮಠವೂ ನಾವಿಕರ ಸ್ಮಶಾನವೂ ಅದರಲ್ಲಿವೆ. ಅದರ ಪಕ್ಕದ ‘ಗೋಸ್ಪಾ ಓದ್ ಶ್ಕರ್ಪ್ಯೇಲಾ’, ಎಂದರೆ ಬಂಡೆಯ ಮೇಲಣ ಮಾತೆಯ ದ್ವೀಪವು ಮಾನವನಿರ್ಮಿತವಾದುದು. ೧೪೫೨ರ ಜುಲೈ ೨೨ರಂದು ಸಮುದ್ರದಿಂದ ತಲೆಯೆತ್ತಿದ್ದ ಒಂದು ಬಂಡೆಯ ಮೇಲೆ ಮೇರಿಮಾತೆಯ ಚಿತ್ರವು ಬೆಸ್ತರ ಕಣ್ಣಿಗೆ ಬಿದ್ದಿತೆಂದೂ, ಅಂದಿನಿಂದ ಯಾನವು ಸುಖವಾಗಿ ಮುಗಿದು ಮರಳಿದ ಪ್ರತಿಯೊಬ್ಬ ನಾವಿಕನೂ ಆ ಬಂಡೆಯ ಬಳಿಯಲ್ಲಿ ಕಲ್ಲನ್ನು ಹಾಕುವ ಪದ್ಧತಿ ಹುಟ್ಟಿತೆಂದೂ ಐತಿಹ್ಯ. ಹಳೆಯ ಹಡಗುಗಳಲ್ಲಿ ಕಲ್ಲು ತುಂಬಿ ಅವನ್ನೂ ಅಲ್ಲಿಯೇ ಮುಳುಗಿಸಿದರು. ಹೀಗೆ ಒಂದೆರಡು ಶತಮಾನಗಳಲ್ಲಿ ಸುಮಾರು ೩,೦೦೦ ಚದರ ಮೀಟರಿನ ನೆಲವು ನೀರಿನಿಂದ ಮೇಲೆ ಬಂದಿತು. ಅದರ ಮೇಲೆ ೧೬೩೦ರಲ್ಲಿ ಇಗರ್ಜಿಯು ಎದ್ದಿತು. ಇಂದಿಗೂ ವರ್ಷಕ್ಕೊಮ್ಮೆ, ಜುಲೈ ೨೨ರ ಸಾಯಂಕಾಲ, ಪೆರಾಸ್ತಿನವರು ಒಂದಕ್ಕೊಂದು ಕಟ್ಟಿದ ದೋಣಿಗಳ ಸಾಲಿನಲ್ಲಿ ಕಲ್ಲು ಹೇರಿಕೊಂಡು ಬಂದು ದ್ವೀಪದ ಅಂಚಿಗೆ ಸುರಿಯುತ್ತಾರೆ. ಫಶಿನಾದಾ ಎಂದು ಆ ಉತ್ಸವದ ಹೆಸರು.

ಇಗರ್ಜಿಯೊಳಗೆ ಪೆರಾಸ್ತಿನವನೇ ಆದ ತ್ರಿಪೋ ಕೊಕೋಲ್ಯನ ೬೮ ಚಿತ್ರಗಳು ಗೋಡೆಯನ್ನೂ ಒಳಮಾಳಿಗೆಯನ್ನೂ ತುಂಬಿಕೊಂಡಿವೆ. ಅವುಗಳಿಗಿಂತ ಹೆಚ್ಚು ಹೊತ್ತು ನನ್ನನ್ನು ನಿಲ್ಲಿಸಿದುವು ಹರಕೆಯ ಬೆಳ್ಳಿತಗಡುಗಳು. ಅಂಗೈಯಗಲದ ಇಂಥ ತಗಡುಗಳು ಗೋಡೆಯುದ್ದಕ್ಕೂ ಎರಡು ಸಾವಿರಕ್ಕೆ ಮಿಕ್ಕಿವೆ. ಒಂದೊಂದರಲ್ಲಿಯೂ ಒಂದು ಹಡಗು: ಪಟಗಳು ಹರಿದು, ಕೂವೆಯು ಓರೆಯಾಗಿ, ಅಲೆಗಳು ಹಡಗಿಗಿಂತ ಎತ್ತರವಾಗಿ, ಮೂಲೆಯಲ್ಲಿ ಮೇಘದ ಮೇಲೆ ಮಾತೆಯು ಕುಳಿತು ಈ ಅನಾಹುತವನ್ನು ಶಾಂತವಾಗಿ ನೋಡುತ್ತಿದ್ದಾಳೆ. ಕುಶಲಿಯಾದ ಶಿಲ್ಪಿಯ ಕೈ ಇವುಗಳಲ್ಲಿ ಎಲ್ಲೆಡೆಯೂ ಇಲ್ಲ; ಆದರೆ ಅಲೆಯನ್ನು ಕಂಡವನ ಕಣ್ಣು ಉಂಟು. ಪಕ್ಕದ ವಸ್ತುಸಂಗ್ರಹದಲ್ಲಿ, ಯಾಚಿಂತಾ ಕುನಿಚ್ ಎಂಬ ಪೆರಾಸ್ತಿನ ಹೆಂಗಸು ಕಡಲಿಗೆ ಹೋದ ತನ್ನವನ ದಾರಿ ಕಾಯುತ್ತ ಇಪ್ಪತ್ತೈದು ವರ್ಷ ಹೆಣೆದಳೆಂದು ಹೇಳುವ ಕಸೂತಿಯೊಂದಿದೆ. ಚಿನ್ನಬೆಳ್ಳಿಗಳ ಎಳೆಗಳ ನಡುವೆ ಮಾತೆಯ ಸುತ್ತಲಿನ ದೇವಶಿಶುಗಳ ಕೂದಲಿಗೆ ಆಕೆ ತನ್ನ ತಲೆಗೂದಲನ್ನೇ ಪೋಣಿಸಿದ್ದಾಳೆ. ಬಾಗಿ ನೋಡಿದರೆ, ಕೆಲವು ಶಿಶುಗಳ ಗುಂಗುರು ಕಂದುಬಣ್ಣದ್ದಾಗಿಯೂ ಕೆಲವರದು ಬೆಳ್ಳಗೂ ಇರುವುದು ಕಾಣುತ್ತದೆ. ಇಷ್ಟನ್ನು ನೋಡಲು ನಮಗೆ ದೊರೆತ ಕಾಲಾವಧಿಯು ಅತ್ಯಲ್ಪವಾಗಿದ್ದಿತು. ಹೊರಗೆ ಮತ್ತೊಂದು ದೋಣಿಯವರು ಇಳಿಯಲು ಕಾದಿದ್ದರು.

ಅಲ್ಲಿಂದ ಮುಂದೆ ಬೆಟ್ಟಗಳೆರಡೂ ಒಂದನ್ನೊಂದು ಮುಟ್ಟುವಷ್ಟು ಸಮೀಪಕ್ಕೆ ಬಂದು, ನಡುವೆ ೩೪೦ ಮೀಟರಿನಷ್ಟೇ ನೀರನ್ನು ಉಳಿಸಿವೆ. ವೇರಿಗೆ ಎಂಬ ಈ ಜಲಸಂಧಿಯಲ್ಲಿ ಹಿಂದೆ ದಂಡೆಯಿಂದ ದಂಡೆಗೆ ಸರಪಳಿಯನ್ನು ಬಿಗಿದು ಶತ್ರುನೌಕೆಗಳನ್ನು ತಡೆಯುತ್ತಿದ್ದರೆಂದು ಪ್ರತೀತಿ. ಅದನ್ನು ದಾಟಿದ ಕೂಡಲೆ ನೀರು ಅಗಲವಾಗಿ, ಎಡಗಡೆಗೆ ತಿವಾತ್ ಕಂಡಿತು. ೧೮೮೯ರಲ್ಲಿ ಆಸ್ಟ್ರಿಯ-ಹಂಗೆರಿಯ ನೌಕಾಬಲವು ಅಲ್ಲಿ ಹಡಗುಕಟ್ಟೆಯನ್ನು ಸ್ಥಾಪಿಸಿತು. ಆ ಬಲದ ಹಡಗುಗಳು ಇದೇ ಕೊಲ್ಲಿಯಲ್ಲಿ ಲಂಗರು ಹಾಕಿದ್ದಾಗ, ೧೯೧೮ರ ಫೆಬ್ರುವರಿ ೧ರಂದು, ಹಸಿವಿನಿಂದಲೂ ಯುದ್ಧದಿಂದಲೂ ಬೇಸತ್ತ ನಾವಿಕರು ‘ಸಾಂಕ್ಟ್ ಗೇಯೋರ್ಗ್’ ಎಂಬ ನೌಕೆಯ ಮೇಲೆ ಕೆಂಪು ಬಾವುಟವನ್ನೇರಿಸಿ ಶಾಂತಿಯನ್ನು ಕೇಳಿದರು; ದಂಗೆಯು ಮೂರೇ ದಿನಗಳಲ್ಲಿ ಅಡಗಿ, ನಾಲ್ವರು ನಾವಿಕರು ಗುಂಡಿಗೆ ಬಲಿಯಾದರು. ಹೊರಗಿನ ಶತ್ರುವನ್ನು ತಡೆಯಲೆಂದು ಇಷ್ಟು ಬಲವಾಗಿ ಕಟ್ಟಿದ ಕೊಲ್ಲಿಯು ಒಳಗಿನವರು ತಪ್ಪಿಸಿಕೊಳ್ಳಲಾಗದ ಸೆರೆಯೂ ಆಗಿದ್ದಿತು. ಹಡಗುಕಟ್ಟೆಯಿದ್ದ ಸ್ಥಳದಲ್ಲಿ ಈಗ ಜಗತ್ತಿನ ಧನಿಕರ ವಿಹಾರನೌಕೆಗಳು ಬಿಳಿದಾಗಿ ಸಾಲುಗೊಂಡಿವೆ. ಯುಗೊಸ್ಲಾವಿಯದ ಕಾಲದ ಜಲಾಂತರ್ಗಾಮಿಯೊಂದನ್ನು ನೀರಿನಿಂದೆತ್ತಿ ದಂಡೆಯ ಮೇಲೆ ನಿಲ್ಲಿಸಿ ಮಕ್ಕಳಿಗೆ ತೋರಿಸುತ್ತಾರೆ.

ಆ ಜಲಾಂತರ್ಗಾಮಿಗಳು ಅಡಗುತ್ತಿದ್ದ ಗುಹೆಗಳಿಗೆ ದೋಣಿಯು ನಮ್ಮನ್ನು ಕೊಂಡೊಯ್ಯಿತು. ಲುಶ್ಟಿತ್ಸಾ ಪರ್ಯಾಯದ್ವೀಪದ ದಂಡೆಯಲ್ಲಿ ಬೆಟ್ಟದ ಬುಡವನ್ನೇ ಕೊರೆದು ಮಾಡಿದ ಸುರಂಗ. ದ್ವಾರದ ಕಾಂಕ್ರೀಟನ್ನು ಬಂಡೆಯ ಬಣ್ಣಕ್ಕೆ ಹೊಂದಿಸಿದ್ದಾರೆ, ದೂರದಿಂದ ನೋಡುವವರಿಗೆ ಬೆಟ್ಟದ ನೆರಳೆಂದೇ ತೋರಬೇಕು. ಚಾಲಕನು ಎಂಜಿನನ್ನು ತಗ್ಗಿಸಿ ಒಳಗೆ ನಡೆಸಿದನು. ತಂಪು ಮೈಗೆ ತಾಗಿತು, ಡೀಸೆಲಿನ ವಾಸನೆ, ಗೋಡೆಯ ಮೇಲೆ ನೀರಿನ ಮಟ್ಟವನ್ನು ತೋರಿಸುವ ಪಾಚಿಯ ಹಸಿರು ಗೆರೆ. ಯಾರೋ ಕೂಗಿದರು, ಮಾರ್ದನಿಯು ಬಂದಿತು, ಎಲ್ಲರೂ ನಕ್ಕರು. ನನಗೆ ನೆನಪಾದುದು ಬೇರೆ. ೧೯೪೮ರಲ್ಲಿ ಸ್ಟಾಲಿನ್ನನೊಡನೆ ಮುರಿದುಕೊಂಡ ಟಿಟೋ ಪೂರ್ವದವರಿಗೂ ಪಶ್ಚಿಮದವರಿಗೂ ಸಮನಾಗಿ ಅಂಜಬೇಕಾಯಿತು. ೧೯೫೬ರ ಜುಲೈ ತಿಂಗಳಿನಲ್ಲಿ ಇದೇ ಏಡ್ರಿಯಾಟಿಕ್ಕಿನ ಉತ್ತರಭಾಗದ ಬ್ರಿಯೋನಿ ದ್ವೀಪದಲ್ಲಿ ನಮ್ಮ ನೆಹರೂ, ಈಜಿಪ್ಟಿನ ನಾಸರ್, ಟಿಟೋ ಮೂವರೂ ಕುಳಿತು ಯಾವ ಬಣಕ್ಕೂ ಸೇರದ ರಾಷ್ಟ್ರಗಳ ದಾರಿಯನ್ನು ಕುರಿತು ಮಾತನಾಡಿದರು. ಅಲಿಪ್ತ ನೀತಿಯನ್ನು ಆ ದ್ವೀಪದಲ್ಲಿ ಸಾರಿದ ದೇಶವೇ ಈ ದಂಡೆಯಲ್ಲಿ ಬೆಟ್ಟವನ್ನು ಕೊರೆಯಿತು. ಇದನ್ನು ಕಪಟವೆನ್ನುವುದು ಸುಲಭ. ಯಾರ ನೆರಳಿಗೂ ಹೋಗೆನೆಂದವನು ತನ್ನ ನೆರಳನ್ನು ತಾನೇ ತೋಡಿಕೊಳ್ಳಬೇಕಾಗುತ್ತದೆಂಬುದು ಹೆಚ್ಚು ನ್ಯಾಯವಾದ ಮಾತೆಂದು ನನಗೆ ತೋರಿತು.

ಕೊಲ್ಲಿಯ ಬಾಯಿಯಲ್ಲಿ ತೆರೆಯ ಗುಣವು ಬದಲಾಯಿಸಿತು. ಅಲ್ಲಿ, ಒಂದು ಪಕ್ಕದಲ್ಲಿ ಪ್ರೆವ್ಲಾಕದ ಚೂಪುಮೂತಿ, ಮತ್ತೊಂದು ಪಕ್ಕದಲ್ಲಿ ಲುಶ್ಟಿತ್ಸಾ, ನಡುವೆ ಸಮುದ್ರದಲ್ಲಿ ದುಂಡಗೆ ಕುಳಿತಿರುವುದು ಮಾಮುಲಾ. ೧೮೫೩ರಲ್ಲಿ ಲಾಜಾರ್ ಮಾಮುಲಾ ಎಂಬ ಆಸ್ಟ್ರಿಯದ ಸೇನಾಪತಿಯು ದ್ವೀಪವನ್ನೆಲ್ಲ ಆವರಿಸುವಂತೆ ಇಲ್ಲಿ ವೃತ್ತಾಕಾರದ ಕೋಟೆಯನ್ನು ಕಟ್ಟಿಸಿದನು. ಎರಡು ದಂಡೆಗಳಲ್ಲಿಯೂ ಜೊತೆಕೋಟೆಗಳಿದ್ದು, ಮೂರರ ಫಿರಂಗಿಗಳ ನಡುವೆ ಹಡಗು ನುಸುಳಬಾರದೆಂಬುದು ಯೋಜನೆ. ೧೯೪೨ರಲ್ಲಿ ಮುಸೋಲಿನಿಯ ಸೈನ್ಯವು ಆ ಕೋಟೆಯನ್ನು ಬಂಧನಶಿಬಿರವನ್ನಾಗಿ ಮಾಡಿತು. ಎರಡು ಸಾವಿರಕ್ಕೂ ಮಿಕ್ಕ ಜನರು ಅಲ್ಲಿ ಸೆರೆಯಲ್ಲಿದ್ದು, ನೂರಕ್ಕೂ ಮಿಕ್ಕವರು ಹಸಿವಿನಿಂದಲೂ ಹಿಂಸೆಯಿಂದಲೂ ಸತ್ತರು. ಬಹುಕಾಲ ಹಾಳುಬಿದ್ದಿದ್ದ ಅದನ್ನು ಸರಕಾರವು ೪೯ ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಸೆರೆಯಾಳುಗಳ ಮಕ್ಕಳು ಪ್ರತಿಭಟಿಸಿದರು. ೨೦೨೩ರಲ್ಲಿ ಅದು ವಿಲಾಸಿಗಳ ಹೋಟೆಲಾಗಿ ತೆರೆಯಿತು. ನಮ್ಮ ದೋಣಿಯು ದ್ವೀಪವನ್ನು ಒಂದು ಸುತ್ತು ಹಾಕಿತು. ಬಂದೂಕದ ಕಂಡಿಗಳು ಹಾಗೆಯೇ ಇದ್ದುವು. ಕೆಳಗಿನ ಕಟ್ಟೆಯ ಮೇಲೆ ಬಿಳಿಯ ಕೊಡೆಗಳು ತೆರೆದಿದ್ದುವು. ಚಾಲಕನು ಎರಡೇ ಮಾತಿನಲ್ಲಿ ಇತಿಹಾಸವನ್ನು ಹೇಳಿ, ಒಂದು ರಾತ್ರಿಯ ಬಾಡಿಗೆಯನ್ನೂ ಹೇಳಿದನು. ಕೇಳಿದವರು ಉಸಿರೆಳೆದುಕೊಂಡುದು ಎರಡನೆಯದಕ್ಕೆ. ಗೋಡೆಗಳು ಉಳಿಯಬೇಕಾದರೆ ಯಾರಾದರೂ ಅಲ್ಲಿ ವಾಸಿಸಲೇಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಹಾಳುಗೋಡೆಯು ನೋಡಿದವನನ್ನು ‘ಇಲ್ಲೇನಾಯಿತು?’ ಎಂದು ಕೇಳಿಸುತ್ತದೆ. ಬಿಳಿಯ ಕೊಡೆಯು ಕೇಳಿಸುವುದಿಲ್ಲ.

ಅಲ್ಲಿಂದ ತೆರೆದ ಸಮುದ್ರಕ್ಕೆ ತಿರುಗಿ, ಲುಶ್ಟಿತ್ಸಾದ ಹೊರದಂಡೆಯ ನೀಲಗುಹೆಯನ್ನು ಹೊಕ್ಕೆವು. ಹೊರಗೆ ದೋಣಿಗಳ ಸರದಿ. ಒಳಗೆ ತಲೆ ಬಗ್ಗಿಸಿಕೊಂಡು ನುಸುಳಿದರೆ ಬಂಡೆಯ ಗುಮ್ಮಟ, ಅದರ ಕೆಳಗೆ ಉರಿಯುವಂತೆ ನೀಲಿಯಾದ ನೀರು. ಇದರ ಕಾರಣವು ಸರಳವಾದುದು. ಗುಹೆಯ ಬಾಯಿಯಲ್ಲಿ ನೀರನ್ನು ಹೊಕ್ಕ ಸೂರ್ಯಕಿರಣವು ತಳದವರೆಗೆ ಹೋಗಿ ಅಲ್ಲಿಯ ಬಿಳುಪಿನಿಂದ ಚಿಮ್ಮಿ ಮೇಲಕ್ಕೆ ಬರುತ್ತದೆ. ದಾರಿಯಲ್ಲಿ ನೀರು ಅದರ ಕೆಂಪನ್ನು ಹೀರಿಕೊಂಡು ನೀಲಿಯನ್ನಷ್ಟೇ ಬಿಟ್ಟುಕೊಡುತ್ತದೆ. ಗುಹೆಯ ಕತ್ತಲೆಯು ಆ ಉಳಿದ ಬೆಳಕನ್ನು ನೂರ್ಮಡಿಯಾಗಿ ತೋರಿಸುತ್ತದೆ. ಕೈಯನ್ನು ಅದ್ದಿದೆನು, ಮಣಿಕಟ್ಟಿನಿಂದ ಮೇಲೆ ಕಪ್ಪಾಗಿಯೂ ಕೆಳಗೆ ಬೆಳ್ಳಿಯಾಗಿಯೂ ಅದು ಬೇರೆಯವರ ಕೈಯಂತೆ ಕಂಡಿತು. ಧೈರ್ಯವಿದ್ದವರು ಧುಮುಕಿ ಈಜಿದರು. ಯಾರೂ ಕಟ್ಟದ, ಯಾರಿಗೂ ಅಂಜಿ ತೋಡದ ಒಂದು ಗುಹೆಯನ್ನು, ಅಂಜಿ ತೋಡಿದ ಗುಹೆಯನ್ನು ಕಂಡ ಹೊತ್ತಿನಲ್ಲಿಯೇ ಕಂಡುದು ಮನಸ್ಸಿಗೆ ಹಗುರವಾಯಿತು.

ಮರಳುವಾಗ ಮಧ್ಯಾಹ್ನದ ವಾಯವ್ಯ ಮಾರುತವು ಎದ್ದಿದ್ದಿತು. ‘ಮಾಯೆಸ್ತ್ರಾಲ್’ ಎಂದು ಅಲ್ಲಿಯವರು ಕರೆಯುವ ಈ ಬೇಸಗೆಯ ಗಾಳಿಯು ಹೊರಸಮುದ್ರದಲ್ಲಿ ಸಣ್ಣ ದೋಣಿಗಳನ್ನು ಕುಣಿಸುವುದರಿಂದ ಇಂಥ ಯಾತ್ರೆಗಳು ಬೆಳಗ್ಗೆಯೇ ಹೊರಡುತ್ತವೆ. ಬಂದ ದಾರಿಯನ್ನೇ ಹಿಂದುಮುಂದಾಗಿ ನೋಡುತ್ತ ಬರುವ ಆ ಹೊತ್ತಿನಲ್ಲಿ ಬೆಳಗಿನಿಂದ ಕಂಡುದೆಲ್ಲವೂ ಒಂದು ಕ್ರಮಕ್ಕೆ ಬಂದಿತು. ಪ್ರಾಕಾರ, ಸರಪಳಿ, ಹಡಗುಕಟ್ಟೆ, ಸುರಂಗ, ಕೋಟೆ: ವೆನಿಸ್, ಆಸ್ಟ್ರಿಯ, ಇಟಲಿ, ಯುಗೊಸ್ಲಾವಿಯ ಒಬ್ಬರಾದ ಮೇಲೊಬ್ಬರು ಬಂದು ಇಲ್ಲಿ ಕಲ್ಲನ್ನು ಸುರಿದುದೆಲ್ಲವೂ ನೀರಿನ ಮೇಲೆ ಬರಬಹುದಾದವನ ಭಯಕ್ಕಾಗಿ. ಒಂದೊಂದು ಭಯವೂ ತನ್ನ ಒಡೆಯನೊಡನೆ ತೀರಿಹೋಯಿತು. ಕಲ್ಲು ಮಾತ್ರ ಉಳಿದು ಹೊಸ ಬಾಡಿಗೆದಾರನಿಗಾಗಿ ಕಾದು, ಕೊನೆಗೆ ನಮ್ಮಂಥ ಸಂಚಾರಿಗಳಿಗೆ ವಿನೋದವಾಯಿತು. ಇದೇ ಕೊಲ್ಲಿಯ ಇದೇ ಕಲ್ಲನ್ನು ಇದೇ ನಾವಿಕರು ಇನ್ನೊಂದು ಕಾರಣಕ್ಕೂ ಸುರಿದರು: ಬರಬಹುದಾದ ಕೇಡಿಗೆ ಅಂಜಿ ಅಲ್ಲ, ತಪ್ಪಿಹೋದ ಕೇಡನ್ನು ನೆನೆದು. ಅದು ಯಾವ ದೊರೆಯ ಆಜ್ಞೆಯಿಂದಲೂ ಆರಂಭವಾಗದುದರಿಂದ ಯಾವ ದೊರೆಯ ಪತನದಿಂದಲೂ ನಿಲ್ಲಲಿಲ್ಲ. ಆ ದ್ವೀಪಕ್ಕೂ ಪ್ರವಾಸಿಗಳು ಬರುತ್ತಾರೆ, ನಿಜ. ಆದರೆ ನಾವು ಬಾರದಿದ್ದರೂ ಬರುವ ಜುಲೈಯಲ್ಲಿ ಅಲ್ಲಿಗೆ ಕಲ್ಲು ಬಂದೇ ಬರುತ್ತದೆ.

ಆದಕಾರಣ ಆ ಕೊಲ್ಲಿಗೆ ಹೋಗುವ ಕನ್ನಡಿಗರಿಗೆ ನನ್ನದೊಂದು ಸೂಚನೆ. ಕೋಟೋರಿನಿಂದ ಹೊರಡುವ ದೋಣಿಗೆ ದ್ವೀಪವು ದಾರಿಯಲ್ಲಿ ಮೊದಲು ಸಿಕ್ಕುವುದರಿಂದ ಮೊದಲು ಅಲ್ಲಿಗೇ ಕೊಂಡೊಯ್ಯುತ್ತಾರೆ. ಇನ್ನೂ ಏನನ್ನೂ ಕಂಡಿರದ ಪ್ರವಾಸಿಯು ಅದನ್ನು ಒಂದು ಚೆಲುವಾದ ಇಗರ್ಜಿಯೆಂದು ನೋಡಿ ಏಳುತ್ತಾನೆ. ಸಾಧ್ಯವಾದರೆ ಚಾಲಕನನ್ನು ಒಪ್ಪಿಸಿ ಈ ಕ್ರಮವನ್ನು ತಿರುವುಮುರುವು ಮಾಡಿಸಿಕೊಳ್ಳಬೇಕು. ಬೆಳಗಿನ ಶಾಂತ ಸಮುದ್ರದಲ್ಲಿ ನೇರವಾಗಿ ಹೊರಗಿನ ಗುಹೆಗೆ ಹೋಗಿ, ಮಾಮುಲಾವನ್ನೂ ಸುರಂಗವನ್ನೂ ಹಡಗುಕಟ್ಟೆಯನ್ನೂ ನೋಡಿಕೊಂಡು, ವೇರಿಗೆಯನ್ನು ದಾಟಿ ಒಳಗೆ ಬಂದು, ಕಟ್ಟಕಡೆಗೆ ದ್ವೀಪದಲ್ಲಿ ಇಳಿಯಬೇಕು. ಮಧ್ಯಾಹ್ನದ ಗಾಳಿಯ ರಭಸವು ಅಷ್ಟು ಒಳಗಿನ ನೀರಿಗೆ ಮುಟ್ಟುವುದಿಲ್ಲ. ಇಂಧನವೂ ಹೆಚ್ಚು ವ್ಯಯವಾಗುವುದಿಲ್ಲ. ಚಾಲಕನಿಗೆ ಇದರಿಂದ ನಷ್ಟವೇನೂ ಇಲ್ಲ, ನೋಡುವವನಿಗೆ ಲಾಭವುಂಟು.